ಆದಾಮನ ಮೇಲೆ ನಮ್ಮತ್ತೆಯ ತಕರಾರು

ನಿಜಾಮರ ರಾಜ್ಯದಲ್ಲಿ ಪಟೇಲನ ಮೇಲೆ ತಕರಾರು ಮಾಡಿದವರಿದ್ದರು, ತಹಸೀಲ್ದಾರನ ಮೇಲೆ ಮಾಡಿದ ಗಟ್ಟಿಗರೂ ಇದ್ದರು. ಆದರೆ ಆದಾಮನ ಮೇಲೆ ತಕರಾರು ಮಾಡಿದವರು ನಮ್ಮತ್ತೆ ಒಬ್ಬರೇ!

ಅತ್ತೆ ಎಂದರೆ ನನ್ನ ಗಂಡನ ತಾಯಿ. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ನಾಲಿಗೆಯ ಮೇಲೆ ಸದಾ ಯಾರದೋ ವಕಾಲತ್ತು. ನಾನು ರಾಯಿಕೋಡಿನಿಂದ ಸೊಸೆಯಾಗಿ ಜಹೀರಾಬಾದಿಗೆ ಬಂದ ಹೊಸತರಲ್ಲಿ, ಅಂಗಳದಲ್ಲಿ ಒಣಹಾಕಿದ್ದ ತೊಗರಿಬೇಳೆಗೆ ಯಾರದೋ ಎಮ್ಮೆ ಬಾಯಿ ಹಾಕಿತು. ನಾನು ಕೋಲು ಹಿಡಿದು ಓಡಿದರೆ ಅತ್ತೆ ಆ ಕೋಲನ್ನೇ ಕಸಿದುಕೊಂಡರು.

"ಬ್ಯಾಳಿ ಕಾಯೂದು ಬಿಟ್ಟು ಒಳಗ ಹೋದಾಕಿ ನೀನು. ಎಮ್ಮಿಗ್ಯಾಕ ಹೊಡಿತಿ?"

ಎಮ್ಮೆ ನಿರ್ದೋಷಿಯೆಂದು ಬಿಡುಗಡೆಯಾಯಿತು. ನನಗೆ ಸಂಜೆಯವರೆಗೆ ಬೈಗುಳ!

ಇಂಥವರ ಪಕ್ಕದ ಮನೆಗೆ ಮಾರ್ತಮ್ಮ ಬಂದಳು. ಗಂಡ ರೈಲಿನಲ್ಲಿ ನೌಕರ. ಕ್ಯಾಥೊಲಿಕ್ ಕ್ರೈಸ್ತರು. ಇಬ್ಬರೂ ಬೀದರಿನ ಕಡೆಯವರಾದ್ದರಿಂದ ಮಾತು ನಮ್ಮದೇ. ಮಾರ್ತಮ್ಮನಿಗೆ ಮೊದಲ ಹೆಣ್ಣುಮಗು ಹುಟ್ಟಿದಾಗ ಜ್ಞಾನಸ್ನಾನ ಮಾಡಿಸಲು ಪಾದ್ರಿ ರೈಲಿನಲ್ಲಿ ಬಂದರು. ಮಗುವಿನ ನೆತ್ತಿಗೆ ನೀರು ಹಾಕುತ್ತಾರಂತೆ ಎಂದು ಕೇಳಿದ ಅತ್ತೆ ನನ್ನನ್ನೂ ಎಳೆದುಕೊಂಡು ಹೋದರು.

"ಇಷ್ಟು ಸಣ್ಣ ಕೂಸಿಗೆ ಏನ್ ಅವಸರ?"

"ಜನ್ಮಪಾಪ ತೊಳಿಬೇಕಲ್ರೀ ಅವ್ವಾ," ಎಂದಳು ಮಾರ್ತಮ್ಮ. "ದೇವರು ಬ್ಯಾಡ ಅಂದ ಹಣ್ಣು ಆದಾಮ ಹವ್ವ ತಿಂದ್ರು. ಆ ಪಾಪ ಹುಟ್ಟಿದವರಿಗೆಲ್ಲ ಬರ್ತದ."

ಅತ್ತೆಗೆ ಹೊಸ ಕಕ್ಷಿದಾರಳು ಸಿಕ್ಕಳು! ಸೀದಾ ಪಾದ್ರಿಯ ಮುಂದೆ ನಿಂತರು.

"ಯಾರೋ ಹಣ್ಣು ತಿಂದ್ರ ಇದಕ್ಯಾಕ್ರೀ ಶಿಕ್ಷಾ? ಇದರ ಬಾಯಾಗ ಹಲ್ಲೇ ಇಲ್ಲ!"

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಪಾದ್ರಿ ಮಾತ್ರ ಗಡ್ಡ ಅಲುಗುವಂತೆ ನಕ್ಕರು. "ಅಮ್ಮಾ, ಮಗು ತಪ್ಪು ಮಾಡಿದೆ ಎಂದು ನಾವೂ ಹೇಳುವುದಿಲ್ಲ. ದೊಡ್ಡವರು ಮನೆಯ ದೀಪ ಆರಿಸಿಬಿಟ್ಟರೆ ಆ ಮನೆಯಲ್ಲಿ ಹುಟ್ಟಿದ ಮಗುವಿಗೂ ಕತ್ತಲೆಯೇ ತಾನೇ? ನಾವು ದೀಪ ಹಚ್ಚುತ್ತೇವೆ, ಅಷ್ಟೇ."

"ಹಂಗಾದ್ರ ಕತ್ತಲಿ ಅನ್ರಿ. ಪಾಪ ಯಾಕಂತೀರಿ?"

ಪಾದ್ರಿಯೂ ಕಡಿಮೆಯವರಲ್ಲ. "ನೀವು ಹಸುಗೂಸಿಗೆ ಲಿಂಗ ಕಟ್ಟುತ್ತೀರಲ್ಲ, ಕೂಸು ಕೇಳಿತ್ತೇ?"

ಅತ್ತೆ ಕೊರಳ ಲಿಂಗವನ್ನು ಮುಟ್ಟಿಕೊಂಡರು. ಆಮೇಲೆ ಹೇಳಿದರು: "ಕೂಸು ಕೇಳೂದಕ್ಕ ಮೊದಲ ತಾಯಿ ಎದ್ಯಾಗ ಹಾಲು ಬರ್ತಾವಲ್ರೀ. ಇದೂ ಹಂಗ."

"ನಾನೂ ಅದನ್ನೇ ಹೇಳುತ್ತಿದ್ದೇನೆ ಅಮ್ಮಾ!" ಎಂದು ಪಾದ್ರಿ ಚಪ್ಪಾಳೆ ತಟ್ಟಿದರು.

ತಮ್ಮ ಮಾತಿಗೆ ತಾವೇ ಸಿಕ್ಕಿಬಿದ್ದ ಅತ್ತೆ ಸೋಲು ಒಪ್ಪಿಕೊಂಡರೇ? ಉಂಟೇ! ಮನೆಗೆ ಬಂದು ನನ್ನ ಕೈಯಲ್ಲಿ ಒಂದು ಬುಟ್ಟಿ ಸೀತಾಫಲ ಕಳಿಸಿದರು. ಜೊತೆಗೆ ಒಂದು ಮಾತು: "ಪಾದ್ರಿಯವರಿಗೆ ಹೇಳು, ಇದನ್ನ ತಿಂದ್ರ ಯಾರ ಮಕ್ಕಳಿಗೂ ಏನೂ ಆಗೂದಿಲ್ಲ!"

ಅಂದಿನಿಂದ ಪಾದ್ರಿ ಬಂದಾಗಲೆಲ್ಲ ನಮ್ಮ ಕಟ್ಟೆಯ ಮೇಲೆ ಆದಾಮನ ಮೊಕದ್ದಮೆ ನಡೆಯುತ್ತಿತ್ತು. ಇಬ್ಬರೂ ಸೋಲಲಿಲ್ಲ. ಚಹಾ ಮಾಡಿ ಮಾಡಿ ನಾನು ಸೋತೆ.

ಮಾರ್ತಮ್ಮನ ಎರಡನೆಯ ಹೆರಿಗೆ ತಿಂಗಳು ತುಂಬುವ ಮೊದಲೇ ಆಯಿತು. ಮಧ್ಯಾಹ್ನದ ಹೊತ್ತು. ಗಂಡ ರೈಲಿನ ಜೊತೆ ವಿಕಾರಾಬಾದಿಗೆ ಹೋಗಿದ್ದ. ಗಂಡುಮಗು, ಅಂಗೈಯಷ್ಟಿತ್ತು. ಅಳಲಿಲ್ಲ. ತುಟಿ ನೀಲಿಯಾಗಿತ್ತು. ಸೂಲಗಿತ್ತಿ ಬೆನ್ನು ತಿಕ್ಕಿ ತಿಕ್ಕಿ ಕೊನೆಗೆ ನಮ್ಮ ಕಡೆ ನೋಡಿ ತಲೆ ಅಲ್ಲಾಡಿಸಿದಳು.

ಮಾರ್ತಮ್ಮ ಅತ್ತೆಯ ಕೈ ಹಿಡಿದಳು. "ಅವ್ವಾ, ಪಾದ್ರಿ ಬರೂತನಕ ಇದು ಇರಂಗಿಲ್ಲ. ನನಗ ಏಳಾಕ ಆಗವಲ್ದು. ಇಂಥಾ ಹೊತ್ತಿನಾಗ ಯಾರರೆ ನೀರು ಹಾಕಬಹುದಂತ. ನಮ್ಮವರೇ ಆಗಬೇಕಂತಿಲ್ಲ. ನೀವು ಹಾಕ್ರಿ."

ಅತ್ತೆ ಏನಾದರೂ ಅಂದಾರೆಂದು ನಾನು ಹೆದರಿದೆ. ಅವರು ಕೈ ತೊಳೆದು ಬಂದರು. ತಂಬಿಗೆಯ ನೀರನ್ನು ಆ ಪುಟ್ಟ ನೆತ್ತಿಯ ಮೇಲೆ ಹನಿಸುತ್ತ, ಮಾರ್ತಮ್ಮ ಹೇಳಿಕೊಟ್ಟ ಮಾತನ್ನು ಒಂದೊಂದಾಗಿ ಹೇಳಿದರು: "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ."

ಮಗು ತಾಯಿಯ ಎದೆಯ ಮೇಲೆ ಸ್ವಲ್ಪ ಹೊತ್ತು ಇತ್ತು. ಆಮೇಲೆ ಇರಲಿಲ್ಲ.

ಪಾದ್ರಿ ಬರುವವರೆಗೆ ಅತ್ತೆ ಯಾರೊಡನೆಯೂ ವಾದ ಮಾಡಲಿಲ್ಲ. ಅವರು ಬಂದಾಗ ಬಾಗಿಲಲ್ಲೇ ತಡೆದು, ತಾವು ಹೇಳಿದ ಮಾತುಗಳನ್ನು ಮತ್ತೆ ಹೇಳಿ ಒಪ್ಪಿಸಿದರು.

"ಒಂದರೆ ಶಬ್ದ ತಪ್ಪೇನ್ರೀ? ನನಗ ನಂಬಿಕಿ ಇಲ್ರೀ. ಆದ್ರ ಆ ತಾಯಿಗೆ ಅದ. ನನ್ನ ನಾಲಿಗಿ ತಪ್ಪಿ ಆಕಿ ಕೂಸಿಗೇನರ ಆದ್ರ?"

ಪಾದ್ರಿಯ ಕಣ್ಣು ತುಂಬಿ ಬಂತು. "ಏನೂ ತಪ್ಪಿಲ್ಲ ಅಮ್ಮಾ. ನಾನಿದ್ದರೂ ಇದನ್ನೇ ಮಾಡುತ್ತಿದ್ದೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಮಾರ್ತಮ್ಮನ ಹಾಸಿಗೆಯ ಬಳಿ ಹೋಗಿ ಕುಳಿತರು. ಅವಳ ತಲೆ ಸವರುತ್ತ, ಮೆಲ್ಲಗೆ ಹೇಳಿದರು:

"ಕೇಳಿದಿಯೇನವ್ವಾ? ಎಲ್ಲಾ ಬರೋಬರ್ ಆಗ್ಯಾದಂತ."