ಟೈಲರ್ ಮಾಸ್ತರರೂ ಇಂಗ್ಲಿಷಿನ ಕಾಲಗಳೂ

ಆದ ಕೆಲಸವನ್ನು ಆಯಿತು ಎನ್ನುವುದಕ್ಕೆ ಇಂಗ್ಲಿಷಿನವರಿಗೆ ಎಷ್ಟು ದಾರಿ ಬೇಕು? ಇದು ಟೈಲರ್ ಮಾಸ್ತರರ ತಕರಾರು. ಒಂದು ಭೂತಕಾಲ ಸಾಲದೆಂದು ಅದರ ಬೆನ್ನಿಗೆ ಇನ್ನೊಂದು ಭೂತವನ್ನು ಕೂರಿಸಿರುವುದು ಮರ್ಯಾದಸ್ಥರ ಕೆಲಸವಲ್ಲ ಎಂದು ಅವರ ವಾದ. (ಅವರ ಅಂಗಡಿಯಲ್ಲಿದ್ದದ್ದು ಒಂದೇ ಕಾಲ. ಯಾರು ಕೇಳಿದರೂ “ಆಗೋಯ್ತು, ಗುಂಡಿ ಒಂದೇ ಬಾಕಿ.” ಬಟ್ಟೆಗೆ ಕತ್ತರಿ ತಾಗದಿದ್ದರೂ ಅದೇ ಮಾತು.)

ಈಗ ಮಾತ್ರ ಕಲಿಯದೆ ವಿಧಿಯಿರಲಿಲ್ಲ. ಪಕ್ಕದ ಬೀದಿಯ ಶಾಲೆಗೆ ಹೊಸದಾಗಿ ಬಂದ ಹೆಡ್‌ಮಿಸ್ಸಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು. ಕೈಕೆಲಸ ನೋಡೋಣವೆಂದು ತಮಗೊಂದು ಕೋಟು ಹೊಲಿಯಲು ಬಟ್ಟೆ ಕೊಟ್ಟಿದ್ದರು. ಹಿಡಿಸಿದರೆ ಇಡೀ ಶಾಲೆಯ ಯೂನಿಫಾರ್ಮ್ ಮಾಸ್ತರರದು, ಇಲ್ಲದಿದ್ದರೆ ಎದುರು ಅಂಗಡಿಯವನದು. ಸಂಜೆ ಕ್ಲಾಸಿಗೆ ಹೋಗಿ ಇಂಗ್ಲಿಷ್ ಕಲಿತಿದ್ದ ಹೆಂಡತಿ ಗುಂಡಿಗೆ ಕಾಜಾ ಹಾಕುತ್ತಲೇ ಪಾಠ ಶುರುಮಾಡಿದಳು.

“‘ಐ ಆಮ್ ಸ್ಟಿಚಿಂಗ್’ ಅಂದ್ರೆ ಈಗ ಹೊಲೀತಾ ಇದ್ದೀನಿ. ‘ಐ ವಿಲ್ ಸ್ಟಿಚ್’ ಅಂದ್ರೆ ಇನ್ಮೇಲೆ ಹೊಲೀತೀನಿ. ‘ಐ ಹ್ಯಾವ್ ಸ್ಟಿಚ್ಡ್’ ಅಂದ್ರೆ ಹೊಲಿದಾಗಿದೆ, ತಗೊಂಡು ಹೋಗಿ.”

“ಮೊದಲೆರಡು ಬೇಡ. ಹಾಗೆಲ್ಲ ಮಾತಾಡಿದ್ರೆ ಅಂಗಡಿಗೆ ಬೀಗ. ಕಡೇದು ಕೊಡು.”

“ನಿಮಗೆ ಬೇಕಾಗಿರೋದೇ ಮೊದಲೆರಡು ರೀ!”

“ನಿಮ್ಮಪ್ಪನಿಗೇ ಅಳತೆ ತೆಗೆದೋನು ನಾನು. ನಂಗೆ ಹೇಳ್ಕೊಡ್ತೀಯಾ?”

ಅಂದಿನಿಂದ ಇಸ್ತ್ರಿ ಹಿಡಿದಾಗಲೂ ಅದೇ ಜಪ, ಊಟಕ್ಕೆ ಕೂತಾಗಲೂ ಅದೇ ಜಪ. ಜಪದ ಭರದಲ್ಲಿ ಕೋಟನ್ನು ಮುಟ್ಟಲು ಪುರುಸೊತ್ತಾಗಲಿಲ್ಲ.

ಶನಿವಾರ ಹೆಡ್‌ಮಿಸ್ ಬಂದರು. ಮಾಸ್ತರರು ಎದೆಯುಬ್ಬಿಸಿ, “ಐ ಹ್ಯಾವ್ ಸ್ಟಿಚ್ಡ್ ಯುವರ್ ಕೋಟ್, ಮೇಡಂ!” ಎಂದರು. ಒಂದಕ್ಷರ ತಪ್ಪಲಿಲ್ಲ. ಹೆಂಡತಿಯ ಕಡೆ ಗೆದ್ದ ನಗೆ ಬೀರಿದರು. ತೊದಲಿದ್ದರೆ ಹೆಡ್‌ಮಿಸ್ ಅರ್ಥವಾಗದೆ ಹೊರಟುಹೋಗುತ್ತಿದ್ದರೇನೋ, ಇಷ್ಟು ಚೊಕ್ಕವಾಗಿ ಹೇಳಿದ್ದಕ್ಕೆ ಸಂತೋಷದಿಂದ ಕೋಟಿಗೆ ಕೈ ಚಾಚಿದರು. ಗುಂಡಿಯ ನೆಪ ತೆಗೆಯೋಣವೆಂದರೆ ಮಾಸ್ತರರು ಅಷ್ಟು ಇಂಗ್ಲಿಷ್ ಕಲಿತಿರಲಿಲ್ಲ. ಅಷ್ಟರಲ್ಲಿ ಆಕೆಯ ಕಣ್ಣು ಮೇಜಿನ ಮೇಲೆ ಬಿತ್ತು. ಅವರ ಬಟ್ಟೆ ತಂದ ಮಡಿಕೆಯಲ್ಲೇ ಹಾಯಾಗಿ ಮಲಗಿತ್ತು.

ಹೆಂಡತಿ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಇನ್ನೂ ಕತ್ತರಿಸಿಲ್ಲ, ನಾಳೆ ಹೊಲಿಯುತ್ತೇವೆ, ಬುಧವಾರ ಸಿಗುತ್ತದೆ. ಮಾಸ್ತರರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೆಡ್‌ಮಿಸ್ ಬೈಯಲಿಲ್ಲ. ಹೆಂಡತಿಯ ಜೊತೆ ಒಂದೆರಡು ಮಾತಾಡಿ, ಕೈ ಕುಲುಕಿ ಹೋದರು.

“ಏನಂದ್ರು?”

“ಯೂನಿಫಾರ್ಮ್ ನಮಗೇ ಅಂತೆ. ಆದ್ರೆ ಯಾವತ್ತು ಕೊಡ್ತೀವಿ ಅನ್ನೋದನ್ನ ನಾನೇ ಹೇಳಬೇಕಂತೆ. ನೀವು ಬಾಯಿ ಬಿಡೋ ಹಾಗಿಲ್ಲ.”

“ನನ್ನ ಅಂಗಡೀಲಿ ನಾನು ಬಾಯಿ ಮುಚ್ಕೊಂಡಿರ್ಬೇಕಾ? ಸಾಧ್ಯವೇ ಇಲ್ಲ! ಹೋಗಿ ಹೇಳು ಅವರಿಗೆ!”

“ಹೇಳಿ ಆಯ್ತು.”

“ಏನಂತ?”

“ನಮ್ಮೆಜಮಾನ್ರು ಒಪ್ಕೊಂಡಿದ್ದಾರೆ ಅಂತ.”