ಹಳೇಬೀಡು ಯಾವ ಕಡೆ

ಜನರೆಲ್ಲ ಒಂದೇ ಕಡೆ ಕೂತರೆ ನನಗೆ ಭಯವಾಗುತ್ತದೆ. ಹಾವಿಗೆ, ಹುಲಿಗೆ, ಶಾಲಾ ಇನ್‌ಸ್ಪೆಕ್ಟರಿಗೆ ಹೆದರುವವರನ್ನು ಲೋಕ ಅರ್ಥ ಮಾಡಿಕೊಳ್ಳುತ್ತದೆ. ಒಂದೇ ಕಡೆ ಕೂತ ಜನರಿಗೆ ಹೆದರುವವನನ್ನು ಕಂಡರೆ ನಗುತ್ತದೆ. ಮೊನ್ನೆ ನನ್ನ ಭಾವಮೈದುನನ ಮದುವೆಯಲ್ಲಿ ಊಟಕ್ಕೆ ಕರೆದಾಗ ಬಂದವರೆಲ್ಲ ಎಡಗಡೆಯ ಪಂಕ್ತಿಯಲ್ಲೇ ಕೂತುಬಿಟ್ಟರು. ಬಲಗಡೆ ಎಲೆಗಳು ಮಾತ್ರ ಇದ್ದವು. ನೋಡನೋಡುತ್ತಿದ್ದಂತೆ ಛತ್ರದ ನೆಲ ಎಡಕ್ಕೆ ವಾಲಿದ ಹಾಗಾಯಿತು. ಕೋಸಂಬರಿ ಬಡಿಸಿಯಾಗಿದ್ದರೂ ಎದ್ದು ಹೋಗಿ ಎದುರುಗಡೆ ಒಬ್ಬನೇ ಕೂತೆ. ಅಳಿಯನಿಗೆ ಯಾವುದೋ ಮರ್ಯಾದೆ ಕಡಿಮೆಯಾಯಿತೆಂದು ಮಾವನವರು ಗಾಬರಿಯಾಗಿ ಬಂದು ಕೈಮುಗಿದರು. ಇಲ್ಲ, ಭಾರ ಸರಿಮಾಡುತ್ತಿದ್ದೇನೆ ಎಂದು ಹೇಳುವುದು ಹೇಗೆ? ಸುಮ್ಮನೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಮನೆಯಲ್ಲೂ ಇದೇ ಕಥೆ. ನನ್ನ ಹೆಂಡತಿ ಕಮಲ ಜಗಲಿಯ ಬೆಂಚಿನ ಒಂದು ತುದಿಯಲ್ಲಿ ಕೂತರೆ ನಾನು ತಕ್ಷಣ ಇನ್ನೊಂದು ತುದಿಗೆ ಹೋಗುತ್ತೇನೆ. "ಇದು ಬೆಂಚು ಕಣ್ರೀ, ಬಸ್ಸಲ್ಲ," ಎನ್ನುತ್ತಾಳೆ ಅವಳು. ಆ ಬಸ್ಸಿನಲ್ಲಿ ಅವಳಿರಲಿಲ್ಲ. ಹೀಗಾಗಿ ಧೈರ್ಯವಾಗಿ ಮಾತಾಡುತ್ತಾಳೆ.

ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೈಸೂರಿನಲ್ಲಿ ಬಿ.ಎಸ್‌ಸಿ. ಓದುವಾಗ ಫುಟ್‌ಬಾಲ್ ನೋಡುತ್ತಿದ್ದೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದರಿಂದ ಆಟದ ಉಸ್ತುವಾರಿಯೂ ನನ್ನ ತಲೆಗೇ ಬಂತು. ನೋಡುವುದಕ್ಕೂ ಆಡುವುದಕ್ಕೂ ಇರುವ ಅಂತರ ನಮ್ಮ ಹೆಡ್‌ಮಾಸ್ಟರಿಗೆ ಮುಖ್ಯವಾಗಿ ಕಾಣಲಿಲ್ಲ. ನಮ್ಮ ಸೀಮೆಯ ಶಾಲೆಗಳ ಫುಟ್‌ಬಾಲ್ ಪಂದ್ಯಗಳಿಗೆ ಎರಡು ಗುಂಪುಗಳಿದ್ದವು. ಬೇಲೂರು, ಅರೇಹಳ್ಳಿ ಕಡೆಯದು ಒಂದು. ಅರಸೀಕೆರೆ, ಗಂಡಸಿ ಕಡೆಯದು ಇನ್ನೊಂದು. ನಡುವೆ ಇರುವ ಹಳೇಬೀಡು ಮೊದಲಿನಿಂದಲೂ ಬೇಲೂರಿನ ಗುಂಪಿನಲ್ಲಿತ್ತು. ಕನ್ನಡ ನಾಡು ಒಂದಾದ ಹೊಸತು ಅದು. ಎಲ್ಲೆಲ್ಲೂ ಗಡಿಗಳನ್ನು ಅಳಿಸಿ ಬೇರೆ ಬರೆಯುತ್ತಿದ್ದರು. ಆ ಗಾಳಿ ಫುಟ್‌ಬಾಲಿಗೂ ತಗುಲಿ, ಹಳೇಬೀಡು ತಮಗೆ ಸೇರಬೇಕೆಂದು ಅರಸೀಕೆರೆಯವರು ಹಟ ಹಿಡಿದರು. ಬಿಟ್ಟುಕೊಡುವುದಿಲ್ಲವೆಂದು ಬೇಲೂರಿನವರು ಹಟ ಹಿಡಿದರು. ಇದನ್ನು ಕೇಳಿ ನಮ್ಮ ತಂಡ ಬಹಳ ಬಲವಾದದ್ದು ಎಂದು ಯಾರೂ ತಿಳಿಯಬಾರದು. ಮೊದಲನೆಯ ಸುತ್ತಿನಲ್ಲಿ ನಮ್ಮ ಜತೆ ಆಡಿದವರು ಎರಡನೆಯ ಸುತ್ತಿಗೆ ಹೋಗುವುದು ಖಂಡಿತ. ಅಂಥ ತಂಡ ಯಾರಿಗೆ ಬೇಡ?

ಇದನ್ನು ತೀರ್ಮಾನಿಸಲು ಸಭೆ ಕರೆದರು. ಬೇಲೂರಿನಲ್ಲಿ ಸಭೆಯಾದರೆ ಅರಸೀಕೆರೆಯವರು ಬರುವುದಿಲ್ಲ, ಅರಸೀಕೆರೆಯಲ್ಲಾದರೆ ಬೇಲೂರಿನವರು ಒಪ್ಪುವುದಿಲ್ಲ. ಕೊನೆಗೆ ಬೆಳಿಗ್ಗೆ ಅರಸೀಕೆರೆಯಲ್ಲಿ ಚರ್ಚೆ, ಮಧ್ಯಾಹ್ನದ ಮೇಲೆ ಬೇಲೂರಿನಲ್ಲಿ ತೀರ್ಮಾನ, ನಡುವೆ ಎಲ್ಲರೂ ಒಂದೇ ಬಸ್ಸಿನಲ್ಲಿ ಪ್ರಯಾಣ ಎಂದಾಯಿತು. ಹಳೇಬೀಡು ತನಗೆ ಬೇಕಾದ ಗುಂಪನ್ನು ತಾನೇ ಹೇಳಬೇಕು ಎಂದೂ ಆಯಿತು. ಹೆಡ್‌ಮಾಸ್ಟರು ನನ್ನನ್ನು ಕರೆದು, "ನನಗೆ ರಕ್ತದೊತ್ತಡ ಕಣ್ರೀ. ನೀವೇ ಹೋಗಿಬನ್ನಿ. ಏನು ಬೇಕಾದರೂ ಹೇಳಿ, ಇಬ್ಬರಿಗೂ ಬೇಜಾರಾಗಬಾರದು ಅಷ್ಟೆ," ಎಂದರು. ರಕ್ತದೊತ್ತಡವಿಲ್ಲದ್ದಕ್ಕೆ ನಾನು ಪಶ್ಚಾತ್ತಾಪಪಟ್ಟದ್ದು ಅದೇ ಮೊದಲು.

ಬೆಳಿಗ್ಗೆ ಅರಸೀಕೆರೆಯಲ್ಲಿ ಉಪ್ಪಿಟ್ಟು ಚೆನ್ನಾಗಿತ್ತು. ಅರಸೀಕೆರೆ ಗುಂಪಿನ ಹಿರಿಯರು ರುದ್ರಪ್ಪನವರು. ಕೊಬ್ಬರಿ ಮಂಡಿಯ ಸಾಹುಕಾರರು, ತೆಳ್ಳಗೆ ಉದ್ದಕ್ಕೆ ಇದ್ದರು. ಚರ್ಚೆಗೆ ಮೊದಲೇ ಒಂದು ಹೊಸ ಫುಟ್‌ಬಾಲನ್ನು ತಂದು ನನ್ನ ಕೈಗಿಟ್ಟು, "ನಿಮ್ಮ ಹುಡುಗರಿಗೆ, ಮೇಷ್ಟ್ರೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ," ಎಂದರು. ಬೇಲೂರಿನ ಹಿರಿಯರು ನಂಜೇಗೌಡರು. ಗದ್ದೆ ತೋಟ ಇದ್ದವರು, ಭಾರಿ ಆಳು. ಅವರು ದೂರದಲ್ಲೇ ನಿಂತು ಚೆಂಡನ್ನು ನೋಡಿ, "ಗಾಳಿ ಸಮಾ ತುಂಬವ್ರೆ ಸಾವ್ಕಾರ್ರು," ಎಂದರು. ಚೆಂಡಿಗೋ ನನಗೋ ಎಂದು ಹೇಳಲಿಲ್ಲ.

ಬಸ್ಸು ಹತ್ತುವಾಗಲೇ ಅನಾಹುತದ ಬೀಜ ಬಿತ್ತು. ಅರಸೀಕೆರೆಯವರು ಮೊದಲು ಹತ್ತಿ ಎಡಗಡೆಯ ಸೀಟುಗಳಲ್ಲಿ ಕೂತರು. ಅವರ ಪಕ್ಕ ಕೂರುವುದು ತಮ್ಮ ಗುಂಪಿಗೆ ಅವಮಾನವೆಂದು ಬೇಲೂರಿನವರು ಪೂರ್ತಿ ಬಲಗಡೆ ಕೂತರು. ನಾನು ಮೆಟ್ಟಿಲ ಮೇಲೆ ನಿಂತಾಗ ಎರಡೂ ಕಡೆಯವರು ನನ್ನನ್ನೇ ನೋಡಿದರು. ಸೀಟೆಂದರೆ ವೋಟು ಎಂಬಂತಿತ್ತು ಆ ನೋಟ. ಯಾರಿಗೂ ಬೇಜಾರಾಗಬಾರದಲ್ಲ, ಹಿಂದಿನ ಉದ್ದ ಸೀಟಿಗೆ ಹೋಗಿ, ಸರಿಯಾಗಿ ನಡುವೆ, ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆಗ ಅದು ಬಹಳ ಜಾಣತನದ ಜಾಗವೆಂದು ಅನ್ನಿಸಿತ್ತು.

ಜಾವಗಲ್ಲು ದಾಟಿದ ಮೇಲೆ ರಸ್ತೆ ಒಂದು ಕೆರೆಯ ಏರಿಯ ಮೇಲೆ ಹೋಗುತ್ತದೆ. ಆ ವರ್ಷ ಕೆರೆ ಕೋಡಿ ಬಿದ್ದಿತ್ತು. ಎಡಗಡೆ ಏರಿಯ ಅಂಚಿನವರೆಗೂ ನೀರು. ಎದುರಿನಿಂದ ತೆಂಗಿನಕಾಯಿ ಹೇರಿಕೊಂಡ ಗಾಡಿಗಳ ಸಾಲು ಬಂತು. ನಮ್ಮ ಡ್ರೈವರು ದಾರಿ ಬಿಡಲೆಂದು ಬಸ್ಸನ್ನು ಎಡಕ್ಕೆ ತೆಗೆದ. ಮಳೆಗೆ ನೆನೆದ ಮಣ್ಣು ಏನೂ ಸದ್ದು ಮಾಡಲಿಲ್ಲ. ಮೆಲ್ಲಗೆ, ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ, ಬಸ್ಸು ಎಡಕ್ಕೆ ವಾಲಿ ನಿಂತಿತು. ಎಡಗಡೆಯ ಕಿಟಕಿಗಳಲ್ಲಿ ಆಕಾಶ ಹೋಗಿ ನೀರು ಬಂತು. ಹಸಿರು ಬಣ್ಣದ, ಆಳ ಗೊತ್ತಾಗದ ನೀರು. ಅದರ ಮೇಲೆ ಒಂದು ಒಣಗಿದ ಎಲೆ ತೇಲುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಆ ಎಲೆಯೇ ಕಾಣುತ್ತದೆ.

ಡ್ರೈವರು ಬ್ರೇಕು ಬಿಗಿದು ತನ್ನ ಕಡೆಯ ಬಾಗಿಲಿನಿಂದ ಹೊರಗೆ ಹಾರಿ, ಚಕ್ರ ನೋಡಿ, ಮುಖ ಬೆಳ್ಳಗೆ ಮಾಡಿಕೊಂಡು ಕೂಗಿದ. "ಎಡಗಡೆಯೋರೆಲ್ಲ ಬಲಗಡೀಕೆ ಬನ್ರಪ್ಪೋ, ಮೆತ್ತಗೆ." ಜೀವದ ಪ್ರಶ್ನೆಯಲ್ಲವೆ, ಎಲ್ಲರೂ ಬರುತ್ತಾರೆಂದು ನಾನು ತಿಳಿದೆ. ಎಡಗಡೆ ಯಾರೂ ಅಲುಗಲಿಲ್ಲ. ರುದ್ರಪ್ಪನವರು ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡು, "ನಾವು ಆ ಕಡೆ ಹೋದರೆ ನಾಳೆ ಬೇಲೂರಿಗೆ ಸೇರಿಕೊಂಡ್ರು ಅಂತಾರೆ," ಎಂದರು. ಧ್ವನಿ ನಡುಗುತ್ತಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು. ನಂಜೇಗೌಡರು ಅಷ್ಟು ಭಯದಲ್ಲೂ ಸುಮ್ಮನಿರಲಿಲ್ಲ. "ಬನ್ನಿ ಸಾವ್ಕಾರ್ರೇ, ಜಾಗ ಐತೆ. ನಿಮ್ನೂ ಸೇರುಸ್ಕತ್ತೀವಿ," ಎಂದರು. ಇದನ್ನು ಕೇಳಿ ಅರಸೀಕೆರೆಯವರು ಇನ್ನೂ ಬಿಗಿಯಾಗಿ ಕೂತರು. ಬಸ್ಸು ಒಂದು ಸಲ ನರಳಿತು.

ಬಸ್ಸಿನ ಬಾಗಿಲು ಎಡಗಡೆ, ನೀರಿನ ಕಡೆ. ಕಿಟಕಿಗಳಿಗೆ ಸರಳು. ಹೊರಗೆ ಹೋಗಲು ಇದ್ದದ್ದು ಡ್ರೈವರನ ಬಾಗಿಲೊಂದೇ, ಅದು ಬಲಗಡೆ, ಬೇಲೂರಿನವರ ಹತ್ತಿರ. ನಂಜೇಗೌಡರು ಎದ್ದು, ಪಂಚೆ ಎತ್ತಿಕಟ್ಟಿ, ಡ್ರೈವರನ ಸೀಟು ಹತ್ತಿ ಬಾಗಿಲಿನಿಂದ ಒಂದು ಕಾಲು ಹೊರಗೆ ಹಾಕಿದರು. ಅವರ ಭಾರ ಎದ್ದ ಕೂಡಲೇ ನಾನು ಕೂತ ಸೀಟು ನನ್ನ ಕೆಳಗೆ ಜಾರಿತು. ಆಗ ಇಡೀ ಲೆಕ್ಕ ನನ್ನ ತಲೆಯಲ್ಲಿ ಒಮ್ಮೆಗೇ ಮೂಡಿತು. ತಕ್ಕಡಿಯ ಪಾಠವನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ತಕ್ಕಡಿಯೊಳಗೆ ಕೂತು ಬರೆದಿರಲಿಲ್ಲ. "ಗೌಡರೇ, ಇಳಿಯಬೇಡಿ. ನೀವು ಇಳಿದರೆ ಬಸ್ಸು ನೀರಿಗೆ ಹೋಗುತ್ತೆ. ಎಡಗಡೆಯವರು ಮೊದಲು," ಎಂದು ಕೂಗಿದೆ. ಆ ಒಂದು ಮಾತಿಗೆ ನನ್ನ ಧ್ವನಿಯೆಲ್ಲ ಖರ್ಚಾಗಿಹೋಯಿತು. ಆಮೇಲೆ ಬಾಯಿ ತೆರೆದರೆ ಗಾಳಿ ಮಾತ್ರ ಬಂತು.

ನಂಜೇಗೌಡರು ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ನಿಂತು ನನ್ನನ್ನು ನೋಡಿದರು. ಆಚೆ ಗಟ್ಟಿ ನೆಲ ಇತ್ತು, ಒಂದು ಹೆಜ್ಜೆ. ಅವರು ಕಾಲು ಒಳಗೆ ತೆಗೆದುಕೊಂಡು, ತಮ್ಮ ಸೀಟಿಗೆ ವಾಪಸು ಬಂದು ಕೂತರು. ಬೆವರು ಒರೆಸಿಕೊಂಡು, "ಹೋಗ್ರಪ್ಪ ಅರಸೀಕೆರೆಯೋರು. ನಾವು ಕುಂತಿರ್ತೀವಿ," ಎಂದರು. ಅವರ ಜನ ಯಾರೂ ಏಳಲಿಲ್ಲ. ಆದರೆ ಆಗ ಅದನ್ನು ಮೆಚ್ಚಿಕೊಂಡು ಕೂರುವ ಹೊತ್ತಾಗಿರಲಿಲ್ಲ, ಯಾಕೆಂದರೆ ರುದ್ರಪ್ಪನವರಿಗೂ ಮರ್ಯಾದೆಯ ನೆನಪಾಗಿತ್ತು. "ಛೆ ಛೆ, ಎಲ್ಲಾದರೂ ಉಂಟೆ ಗೌಡ್ರೆ. ನೀವು ನಮ್ಮೂರಿಗೆ ಬಂದ ಅತಿಥಿಗಳು. ನೀವು ಮೊದಲು," ಎಂದರು.

"ನಿಮ್ಮೂರಲ್ಲಿ ಅತಿಥಿ ಆಗಿದ್ದು ಬೆಳಿಗ್ಗೆ. ಈಗ ನೀವು ನಮ್ಮೂರಿಗೆ ಬತ್ತಾ ಇರೋರು. ನೀವು ಮೊದ್ಲು."

"ಇನ್ನೂ ನಿಮ್ಮೂರು ಬಂದಿಲ್ವಲ್ಲ ಸ್ವಾಮಿ."

ಬೆಳಗಿನಿಂದ ಒಬ್ಬರಿಗೊಬ್ಬರು ಒಂದು ಲೋಟ ನೀರು ಕೊಡದಿದ್ದವರು, ಕೆರೆಯ ನೀರು ಕಿಟಕಿಯ ಹತ್ತಿರ ಬಂದ ಮೇಲೆ ಉಪಚಾರಕ್ಕೆ ಶುರುಮಾಡಿದ್ದರು. ನಮ್ಮ ಕಡೆ ಉಪಚಾರ ಶುರುವಾದರೆ ಬೇಗ ಮುಗಿಯುವುದಿಲ್ಲ. ನಾನು ಹಿಂದೆ ಕೂತು, ಬೇಡ, ಬೇಡ ಎಂದು ತಲೆ ಅಲ್ಲಾಡಿಸಲು ಹೋಗಿ, ತಲೆಯ ಭಾರ ಯಾವ ಕಡೆ ಬೀಳುತ್ತದೋ ಎಂದು ಅದನ್ನೂ ನಿಲ್ಲಿಸಿದೆ. ಅಷ್ಟರಲ್ಲಿ ಗಾಡಿಯವರು ಬಂದು ಬಲಗಡೆಯ ಕಿಟಕಿಯ ಸರಳುಗಳಿಗೆ ಜೋತುಬಿದ್ದಿದ್ದರು. ಅವರಲ್ಲಿ ಒಬ್ಬ ಒಳಗೆ ಇಣುಕಿ, "ಯಾಕ್ ಸ್ವಾಮಿ, ಬೀಗರ ಔತಣವಾ ಇದು? ಎದ್ದು ಬನ್ರೋ, ಕೈ ಸೋಲ್ತಾ ಐತೆ," ಎಂದು ಗದರಿದ. ಆಗ ರುದ್ರಪ್ಪನವರು ಎದ್ದರು. ಅವರ ಜನ ಒಬ್ಬೊಬ್ಬರಾಗಿ, ಉಸಿರು ಬಿಗಿಹಿಡಿದು, ಗೌಡರ ಮೊಣಕಾಲು ದಾಟಿ ಹೊರಗೆ ಹೋದರು. ಒಬ್ಬೊಬ್ಬರು ಇಳಿದಾಗಲೂ ಬಸ್ಸು ಒಂದು ಕೂದಲಿನಷ್ಟು ಮೇಲೆದ್ದಂತೆ ಕಂಡಿತು. ಆಮೇಲೆ ಬೇಲೂರಿನವರು ಇಳಿದರು. ಎಲ್ಲರಿಗಿಂತ ಕೊನೆಗೆ ನಂಜೇಗೌಡರು ಇಳಿದರು.

ಎಲ್ಲರಿಗಿಂತ ಕೊನೆಗೆ ಎಂದು ಅವರು ಇವತ್ತಿಗೂ ಹೇಳುತ್ತಾರೆ. ನಾನು ಒಳಗೇ ಇದ್ದೆ.

ಹೊರಗೆ ಏರಿಯ ಮೇಲೆ ರುದ್ರಪ್ಪನವರು ತಮ್ಮವರನ್ನು ಹೆಸರು ಹಿಡಿದು ಕೂಗಿದರು, ಎಲ್ಲರೂ ಓಗೊಟ್ಟರು. ನಂಜೇಗೌಡರು ತಮ್ಮವರನ್ನು ಕೂಗಿದರು, ಎಲ್ಲರೂ ಇದ್ದರು. ಎರಡೂ ಗುಂಪು ಪೂರ್ತಿಯಾಗಿತ್ತು. ಗಾಡಿಯವರು ಕೈ ಬಿಟ್ಟರು. ಬಸ್ಸು ಮತ್ತೆ ಎಡಕ್ಕೆ ಒಂದಿಷ್ಟು ಕುಸಿಯಿತು. ನಾನು ಹಿಂದಿನ ಸೀಟಿನ ನಟ್ಟನಡುವೆ, ನೀರಿಗೆ ಬಿದ್ದರೆ ತೇಲುವ ವಸ್ತು ಇದೊಂದೇ ಎಂದು ಫುಟ್‌ಬಾಲನ್ನು ಎದೆಗೆ ಅವಚಿಕೊಂಡು ಕೂತಿದ್ದೆ. ಎಡಕ್ಕೆ ಸರಿದರೆ ನೀರು. ಬಲಕ್ಕೆ ಸರಿಯೋಣವೆಂದರೆ ಏಳುವಾಗ ಬಸ್ಸು ಏನು ಮಾಡುತ್ತದೋ ತಿಳಿಯದು. ಕೂಗಲು ಬಾಯಿ ತೆರೆದೆ. ಏನೂ ಬರಲಿಲ್ಲ. ಹೊರಗೆ ಯಾರೋ ಬೀಡಿ ಹಚ್ಚಿದ ವಾಸನೆ ಬಂತು. ಯಾರೋ ನಕ್ಕರು. ಬದುಕಿದವರ ನಗು ಅಷ್ಟು ಹತ್ತಿರದಿಂದ ಅಷ್ಟು ದೂರ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಆಗ ಡ್ರೈವರು, "ಹಳೇಬೀಡು ಮೇಷ್ಟ್ರು ಎಲ್ರೀ?" ಎಂದ.

"ಬೇಲೂರಿನೋರ ಜತೆ ಇರಬೇಕಲ್ವಾ," ಎಂದರು ರುದ್ರಪ್ಪನವರು.

"ನಿಮ್ ಜತೆ ಅವ್ರೆ ಅಂತ ನಾನು," ಎಂದರು ನಂಜೇಗೌಡರು.

ಆಮೇಲೆ ಓಡಿಬಂದ ಕಾಲುಗಳ ಸದ್ದು ಕೇಳಿತು. ಬಲಗಡೆಯ ಕಿಟಕಿಯ ಸರಳುಗಳಿಗೆ ಗೌಡರು ಒಂದು ಕಡೆ, ಸಾಹುಕಾರರು ಇನ್ನೊಂದು ಕಡೆ ಜೋತುಬಿದ್ದು, "ಬನ್ನಿ ಮೇಷ್ಟ್ರೆ, ಮೆತ್ತಗೆ ಬನ್ನಿ," ಎಂದು ಮಗುವನ್ನು ಕರೆಯುವಂತೆ ಕರೆದರು. ಮುಂದಿನವರೆಗೆ ಹೇಗೆ ಬಂದೆನೋ ನೆನಪಿಲ್ಲ. ಹೊರಗೆ ಬಂದ ಮೇಲೂ ಚೆಂಡನ್ನು ಬಿಡಿಸಿಕೊಳ್ಳಲು ಇಬ್ಬರು ಬೇಕಾಯಿತು. "ಪ್ರಾಣ ಹೋದ್ರೂ ಚೆಂಡು ಬಿಡ್ಲಿಲ್ಲ ನೋಡಿ. ಆಟದ ಮೇಲೆ ಎಷ್ಟು ಪ್ರೀತಿ," ಎಂದರು ರುದ್ರಪ್ಪನವರು. ನಾನು ತಿದ್ದಲಿಲ್ಲ. ತಿದ್ದಲು ಧ್ವನಿಯೂ ಇರಲಿಲ್ಲ.

ಬಸ್ಸನ್ನು ಎಳೆಯಲು ಎತ್ತುಗಳನ್ನು ಕಟ್ಟುತ್ತಿದ್ದಾಗ, ಹುಲ್ಲಿನ ಮೇಲೆ ಕೂತೇ ಸಭೆ ಮುಗಿಸೋಣ ಎಂದರು. ಹಳೇಬೀಡು ಯಾವ ಕಡೆ ಎಂದು ಕೇಳಿದರು. ನಾನು ತಿರುಗಿ ಏರಿಯನ್ನು ನೋಡಿದೆ. ಅರಸೀಕೆರೆ ಗುಂಪೆಂದರೆ ಪ್ರತಿ ಪಂದ್ಯಕ್ಕೂ ಈ ಏರಿ, ಈ ನೀರು. ಬೇಲೂರಿನ ದಾರಿಯಲ್ಲಿ ಹೀಗಿಲ್ಲ. "ಬೇಲೂರು. ಭೌಗೋಳಿಕ ಕಾರಣಗಳಿಂದ," ಎಂದು ಪಿಸುಗುಟ್ಟಿದೆ. ವಿದ್ಯಾವಂತರು ಆವೇಶಕ್ಕೆ ಬೀಳದೆ ಯೋಚಿಸಿದ್ದಾರೆ ಎಂದು ಎಲ್ಲರೂ ಮೆಚ್ಚಿದರು. ಗೌಡರಿಗೆ ಗೆದ್ದ ಖುಷಿಯಲ್ಲಿ ಮನಸ್ಸು ದೊಡ್ಡದಾಗಿ, "ಹಂಗಾದ್ರೆ ಎರಡು ಗುಂಪಲ್ಲಿ ಗೆದ್ದೋರ ಕೊನೇ ಪಂದ್ಯ ಪ್ರತಿ ವರ್ಷ ಅರಸೀಕೆರೇಲೇ ಇಟ್ಕಳ್ಳಿ ಸಾವ್ಕಾರ್ರೇ," ಎಂದರು. ನಾನೂ ತಲೆಯಾಡಿಸಿದೆ. ಕೊನೆಯ ಪಂದ್ಯಕ್ಕೂ ನಮ್ಮ ಶಾಲೆಗೂ ಏನು ಸಂಬಂಧ?

ಈ ವರ್ಷ ಹೆಡ್‌ಮಾಸ್ಟರು, ಗುಂಪಿನಲ್ಲಿ ಗೆದ್ದರೆ ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ತೋರಿಸಿ ವಡೆ ಕೊಡಿಸುತ್ತೇನೆ ಎಂದು ಹುಡುಗರಿಗೆ ಮಾತು ಕೊಟ್ಟರು. ಅಂಥ ಓಟವನ್ನು ನಾನು ಮೈಸೂರಿನಲ್ಲೂ ನೋಡಿಲ್ಲ. ಗುಂಪಿನ ಕಡೆಯ ಆಟದ ಹಿಂದಿನ ದಿನ ಹೆಡ್‌ಮಾಸ್ಟರು ದೇವಸ್ಥಾನದಲ್ಲಿ ಶಾಲೆಯ ಹೆಸರಲ್ಲಿ ಅರ್ಚನೆ ಮಾಡಿಸಿದರು. ಪಕ್ಕದಲ್ಲಿ ಕೈಮುಗಿದು ನಿಂತು ನಾನು, ಹುಡುಗರಿಗೆ ಪೆಟ್ಟಾಗದಂತೆ ಮರ್ಯಾದೆಯಾಗಿ ಸೋಲಿಸಪ್ಪ ಎಂದು ಕೇಳಿಕೊಂಡೆ. ತೆಂಗಿನಕಾಯಿ ಅವರದಾದ್ದರಿಂದ ದೇವರು ಅವರ ಮಾತನ್ನೇ ನಡೆಸಿದ. ಬರುವ ಭಾನುವಾರ ಅರಸೀಕೆರೆಯಲ್ಲಿ ಆ ಕೊನೆಯ ಪಂದ್ಯ. ಆ ದಾರಿ ನನಗೆ ಚೆನ್ನಾಗಿ ಗೊತ್ತೆಂದು ಹುಡುಗರನ್ನು ಕರೆದುಕೊಂಡು ಹೋಗುವ ಕೆಲಸ ನನಗೇ ಬಂದಿದೆ.

ಹೋಗುವಾಗ ಕೆರೆ ಬಲಕ್ಕೆ, ಬರುವಾಗ ಎಡಕ್ಕೆ. ಯಾವ ಕಡೆ ಕೂರಲಿ ಎಂದು ಕಮಲಳನ್ನು ಕೇಳಿದೆ. "ಎಲ್ಲಾದರೂ ಕೂತ್ಕೊಳ್ಳಿ. ಇಳಿಯೋವಾಗ ಯಾರೂ ಕೂಗದೇ ಇದ್ರೆ ನಿಮ್ಮ ಹೆಸರನ್ನ ನೀವೇ ಕೂಗಿಕೊಳ್ಳಿ," ಎಂದಳು. ಮಾತು ಸರಿಯೆನ್ನಿಸಿತು. ನಿನ್ನೆ ಸಂಜೆ ಹಿತ್ತಲಿಗೆ ಹೋಗಿ ಅಭ್ಯಾಸ ಮಾಡಿದೆ. ಮೊದಲೆರಡು ಸಲ ಗಾಳಿ ಮಾತ್ರ ಬಂತು. ಮೂರನೆಯ ಸಲ ಹೆಸರು ಗಟ್ಟಿಯಾಗಿಯೇ ಹೊರಟಿತು. ಬೇಲಿಯಾಚೆಯಿಂದ ಪಕ್ಕದ ಮನೆಯ ಅಜ್ಜಿ, "ಯಾರನ್ನ ಕೂಗ್ತಿದ್ದೀರಿ ಮೇಷ್ಟ್ರೆ, ಬಂದ್ರಾ?" ಎಂದರು. ನಾನೂ ಹಿಂದೆ ತಿರುಗಿ ನೋಡಿ, ಇನ್ನೂ ಇಲ್ಲ ಎಂದೆ.