ರಾಜಕಾಲುವೆ ಪಕ್ಕದ ಜಾಣ ಡಬ್ಬ

ನಮ್ಮ ಮ್ಯಾನೇಜರಿಗೆ ಹೊಸ ಯೋಜನೆಗಳು ಹೊಳೆಯುತ್ತಿರುವ ತನಕ ನನಗೆ ನಗುವಿಗೆ ಬರವಿಲ್ಲ. ಬೆಂಗಳೂರಿನ ಹೂಡಿಯಲ್ಲಿ, ಮಳೆನೀರು ಹರಿಯುವ ರಾಜಕಾಲುವೆ ಪಕ್ಕದ ಕಂಬಕ್ಕೆ ನಮ್ಮ ಕಂಪನಿ ಒಂದು ಕಂಪ್ಯೂಟರ್ ಡಬ್ಬ ಕಟ್ಟಿದೆ. ಅದನ್ನು ನೋಡಿಕೊಳ್ಳುವವನು ನಾನು. ಎಡ್ಜ್ ಕಂಪ್ಯೂಟಿಂಗ್ ಅಂತೆ. ಪ್ರವಾಹ ಬಂದರೆ, ನೆಟ್‌ವರ್ಕ್ ಹೋದರೂ, ದೂರದ ಸರ್ವರನ್ನು ಕೇಳದೆ ಬೋಟು, ಪಂಪು ಎಲ್ಲಿಗೆ ಹೋಗಬೇಕೆಂದು ಅದೇ ನಿಂತಲ್ಲೇ ತೀರ್ಮಾನಿಸಬೇಕು. ಇರುವುದು ಒಂದೇ ಬೋಟು. ತಗ್ಗಿನ ಶೀಟ್ ಮನೆಗಳವರು ಅದನ್ನೇ ನಂಬಿಕೊಂಡಿದ್ದಾರೆ.

೧. ಬೇಸಿಗೆಯ ಪ್ರವಾಹ

ಏಪ್ರಿಲ್‌ನಲ್ಲಿ ಎದುರಿನ ಅಪಾರ್ಟ್‌ಮೆಂಟ್ ಮುಂದೆ ನೀರಿನ ಟ್ಯಾಂಕರಿನ ವಾಲ್ವ್ ಕಿತ್ತುಹೋಗಿ ನೀರೆಲ್ಲ ರಸ್ತೆಗೆ ಬಿತ್ತು. ಡಬ್ಬದ ಕ್ಯಾಮೆರಾ ಅದನ್ನು ಪ್ರವಾಹ ಅಂದುಕೊಂಡು ಎರಡು ಪಂಪು ಕಳಿಸಿತು, ಜೊತೆಗೆ ನಾನೂ ಹೋದೆ. ಮೂರು ದಿನದಿಂದ ಸ್ನಾನ ಕಾಣದ ಜನ ಬಕೆಟ್ ಹಿಡಿದು ಓಡಿಬಂದರು.

"ನೀರು ತೆಗೆಯೋಕೆ ಬಂದಿದ್ದೀವಿ" ಅಂದೆ.

ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದ್ರೆ ತಾನೇ ತೆಗ್ಯೋದು? ಒಳಗೆ ಬಂದು ನಲ್ಲಿ ತಿರುಗಿಸಿ ನೋಡಪ್ಪ" ಅಂದರು.

೨. ಒಪ್ಪಿಗೆ

ಮಳೆಗಾಲದಲ್ಲಿ ನಿಜವಾದ ನೀರೇ ಬಂತು. ಡಬ್ಬ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ ಕೊಟ್ಟಿತು. ಆದರೆ ಬೋಟು ಬಿಡಲು ಮ್ಯಾನೇಜರರ ಒಪ್ಪಿಗೆಯ ಮೇಲ್ ಬೇಕು! ಅವರು ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರು. ಫೋನ್ ಮಾಡಿದರೆ ಅಂದರು:

"ನೋಡ್ತಾ ಇದೀನಿ ಕಣ್ರೀ, ಅಟ್ಯಾಚ್‌ಮೆಂಟ್ ಓಪನ್ ಆಗ್ತಿಲ್ಲ."

ತಗ್ಗಿನವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಾವೇ ಹೊರಬಂದರು. ಸಂಜೆ ಒಪ್ಪಿಗೆ ಬರುವಷ್ಟರಲ್ಲಿ ನೀರು ಇಳಿದಿತ್ತು. ಬೋಟನ್ನು ಆರು ಜನ ಹೊತ್ತು ತಂದು ಒಂದು ಬೇಕರಿ ಮುಂದೆ ಇಳಿಸಿದೆವು.

ಬೇಕರಿಯವನು, "ಅಣ್ಣ, ಇಲ್ಲಿ ನಿಲ್ಲಿಸ್ಬೇಡಿ, ಗಿರಾಕಿ ಬರ್ತಾರೆ" ಅಂದ.

೩. ಮೊದಲು ಯಾರು?

ತಗ್ಗಿನವರಿಂದ ಬೈಸಿಕೊಂಡ ಮೇಲೆ ಮ್ಯಾನೇಜರು ಒಪ್ಪಿಗೆಯ ನಿಯಮ ತೆಗೆದು, ಯಾರನ್ನು ಮೊದಲು ಉಳಿಸಬೇಕೆಂಬ ಪಟ್ಟಿಯನ್ನು ಡಬ್ಬಕ್ಕೆ ತುಂಬಿಸಿದರು. ಮೊದಲು ಕಂಪನಿಯ ಉಪಕರಣ, ಆಮೇಲೆ ಜನ. ನನಗೆ ಮೈ ಉರಿದುಹೋಯಿತು. ಕೇಳಿದರೆ, "ಕಂಪನಿ ಆಸ್ತಿ ಕಣ್ರೀ" ಅಂದರು.

ಮುಂದಿನ ಮಳೆಯಲ್ಲಿ ಶೀಟ್ ಮನೆಯ ಹೆಂಗಸೊಬ್ಬಳಿಗೆ ಹೆರಿಗೆ ನೋವು ಶುರುವಾಯಿತು. ಬಾಗಿಲಲ್ಲಿ ಸೊಂಟದುದ್ದ ನೀರು. ಅಷ್ಟರಲ್ಲಿ ನೀರು ಡಬ್ಬದ ತಳಕ್ಕೂ ತಾಗಿತು. ಅದು ಬೋಟನ್ನು ತನ್ನ ಹತ್ತಿರಕ್ಕೇ ಕರೆಸಿಕೊಂಡಿತು!

ನಾನು ಆ ಮನೆಗಳ ಓನರ್ ಗೌಡರ ಹತ್ತಿರ ಓಡಿದೆ. ಅವರು ಎರಡು ಮಾತಾಡದೆ ಟ್ರ್ಯಾಕ್ಟರ್ ಇಳಿಸಿ ಅವಳನ್ನು ಕರೆತಂದರು. ರಸ್ತೆಗೆ ಬಂದರೆ ಮ್ಯಾನೇಜರು ಅಡ್ಡ ನಿಂತಿದ್ದರು, ಪಕ್ಕದಲ್ಲಿ ಕ್ಯಾಮೆರಾದವನು, ಹಿಂದೆ ಖಾಲಿ ಬೋಟು.

"ಮೇಡಂ, ಎರಡೇ ನಿಮಿಷ ಬೋಟಲ್ಲಿ ಕೂತ್ಕೊಳ್ಳಿ, ಒಂದು ಫೋಟೋ."

ಗೌಡರು ಕೂಗಿದರು: "ಎರಿಗೆಗೂ ನಿಮ್ ಡಬ್ಬನೇ ಅಪ್ಪಣೆ ಕೊಡ್ಬೇಕಾ ಸಾರ್? ದಾರಿ ಬಿಡಿ!"

ಟ್ರ್ಯಾಕ್ಟರ್ ಆಸ್ಪತ್ರೆ ಸೇರಿತು, ಹೆಣ್ಣುಮಗು ಆಯಿತು. ಮರುದಿನ ಕಂಪನಿಯವರೆಲ್ಲರ ಮೊಬೈಲಿಗೆ ಒಂದು ಫೋಟೋ ಬಂತು. ಬೋಟಿನಲ್ಲಿ ಮ್ಯಾನೇಜರು, ಅವರ ಮಡಿಲಲ್ಲಿ ಟವೆಲ್ ಸುತ್ತಿದ ಡಬ್ಬ. ಕೆಳಗೆ ಬರೆದಿತ್ತು: "ಸಕಾಲದಲ್ಲಿ ಒಂದು ಜೀವ ಉಳಿಯಿತು."